ಕೊಳದ ಪುಟ

ಮಾರ್ಚ್ 3, ಮಂಗಳವಾರ

ಇವತ್ತೂ ತಡ. ಇವನು ನನ್ನ ಬ್ಯಾಗ್ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತ, ಕೊಡಲೇ ಇಲ್ಲ... ಮದುವೆಯಾದಾಗಿನಿಂದ ಒಂದು ದಿನವೂ ಸಮಯಕ್ಕೆ ಆಫೀಸ್ ಮುಟ್ಟಿಲ್ಲ. ಲಿಫ್ಟ್‌ನಲ್ಲಿ ಒಬ್ಬಳೇ ನಗುತ್ತಿರುತ್ತೇನೆ, ಹುಚ್ಚಿಯ ಹಾಗೆ.

ಮೇಡಂ ಹೊಸ ಕೆಲಸ ಕೊಟ್ಟರು. ತಾತನ ಪುಸ್ತಕದ ಮರುಮುದ್ರಣ! ತಾತ ಎಂದರೆ ನಮ್ಮ ಪ್ರಕಾಶನದ ಅತಿ ದೊಡ್ಡ ಲೇಖಕರು, ಓದುವ ಮಕ್ಕಳೆಲ್ಲ ಕರೆಯುವುದೇ ಹಾಗೆ. ಎಡಿಟರ್ ನಾನು. ಎಲ್ಲರೂ ಚಿಕ್ಕಂದಿನಲ್ಲೇ ಓದಿದ ಪುಸ್ತಕ. ಇಂಗ್ಲಿಷ್ ಮೀಡಿಯಂ ಕೃಪೆಯಿಂದ ನಾನು ಈಗ ಓದುತ್ತಿದ್ದೇನೆ. ಎಷ್ಟು ಚೆಂದ, ಎಷ್ಟು ನಗು...

ಕೊಳದ ಪುಟದವರೆಗೆ. ಕಪ್ಪು ಹುಡುಗಿ, ಯಾರೂ ಆಟಕ್ಕೆ ಸೇರಿಸುವುದಿಲ್ಲ. ಕೊಳದಲ್ಲಿ ಮುಳುಗಿ ಬೆಳ್ಳಗಾಗಿ ಏಳುತ್ತಾಳೆ. ಎಲ್ಲರೂ ಚಪ್ಪಾಳೆ.

ಸಂಜೆ ಇವನಿಗೆ ಓದಿ ಹೇಳಿದೆ. ತನ್ನ ಕಪ್ಪು ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ.

"ಯಾವ ಕೊಳ ಅದು? ಅಡ್ರೆಸ್ ಕೊಡು, ಭಾನುವಾರ ಹೋಗಿ ಬರ್ತೀನಿ."

ನಕ್ಕೆ. ಆಮೇಲೆ ನಗು ಬರಲಿಲ್ಲ.

ಮಾರ್ಚ್ 4

ತಾತನಿಗೆ ಮೇಲ್ ಹಾಕಿದೆ, ತುಂಬಾ ಗೌರವದಿಂದ. ಹುಡುಗಿ ಹೇಗೆ ಮುಳುಗಿದಳೋ ಹಾಗೇ ಏಳಬಹುದೇ ಎಂದು ಕೇಳಿದೆ, ಅಷ್ಟೇ.

ಮಾರ್ಚ್ 9, ಸೋಮವಾರ

ಬರೆಯಲು ಕೈಯೇ ಬಂದಿರಲಿಲ್ಲ. ತಾತ ಪತ್ರಿಕೆಗೆ ಹೇಳಿಕೆ ಕೊಟ್ಟರು— ನಿನ್ನೆ ಮೊನ್ನೆ ಬಂದ ಹುಡುಗಿ ತಮ್ಮ ಕಥೆಗೆ ಕತ್ತರಿ ಹಾಕುತ್ತಿದ್ದಾಳೆ, ಇದು ಸೆನ್ಸಾರ್‌ಶಿಪ್. ಅಷ್ಟು ಸಾಕಾಯಿತು. ಫೋನ್ ತುಂಬ ಹೊಲಸು ಮೆಸೇಜ್. ಯಾರೋ ನಮ್ಮ ಮದುವೆ ಫೋಟೋ ಹುಡುಕಿ ತೆಗೆದು ಇವನ ಬಣ್ಣದ ಮೇಲೆ ಬರೆದಿದ್ದಾರೆ. ಇವನು ಸೋಫಾದ ಮೇಲೆ ಕಾಲು ಚಾಚಿ ಒಬ್ಬೊಬ್ಬರನ್ನೇ ಬ್ಲಾಕ್ ಮಾಡುತ್ತ, ಅವರ ಕಾಗುಣಿತಕ್ಕೆ ಮಾರ್ಕ್ಸ್ ಕೊಡುತ್ತಿದ್ದಾನೆ. ಇಂಥವನನ್ನು ಕಟ್ಟಿಕೊಂಡ ನಾನು ಎಂಥ ಅದೃಷ್ಟವಂತೆ!

ಮೇಡಂ ಮಾತ್ರ ನಗಲಿಲ್ಲ. ತಾತನಲ್ಲಿ ಕ್ಷಮೆ ಕೇಳಬೇಕು, ಇಲ್ಲವೇ ಬೇರೆ ಕೆಲಸ ನೋಡಿಕೊಳ್ಳಬೇಕು. ಶುಕ್ರವಾರದೊಳಗೆ.

ಮಾರ್ಚ್ 13, ಶುಕ್ರವಾರ

ಕ್ಷಮೆ ಕೇಳಿಬಿಟ್ಟೆ. ಇಷ್ಟು ಖುಷಿಯಲ್ಲಿರುವವಳಿಗೆ ಜಗಳಕ್ಕೆ ಮೈ ಬಗ್ಗುವುದಿಲ್ಲ. ಕೊಳದ ಪುಟ ಇದ್ದ ಹಾಗೇ ಅಚ್ಚಾಗುತ್ತದೆ. ಇವನು ಸುಮ್ಮನೆ ಕಾಫಿ ಮಾಡಿ ತಂದಿಟ್ಟ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ 14, ಶನಿವಾರ

ನಮ್ಮಲ್ಲೊಂದು ಪದ್ಧತಿ. ಅಚ್ಚಿಗೆ ಹೋಗುವ ಮೊದಲು ಲೇಖಕರು ಗೋಡೌನ್‌ನಲ್ಲಿ ಪುಸ್ತಕದ ಬಂಡಲ್‌ಗಳ ನಡುವೆ ಕೂತು ಸಿಬ್ಬಂದಿಯ ಮಕ್ಕಳಿಗೆ ಕಥೆ ಓದಬೇಕು. ಮಕ್ಕಳು ಆಕಳಿಸಿದ ಕಡೆ ನಾವು ಪೆನ್ಸಿಲ್ ಗುರುತು ಹಾಕುತ್ತೇವೆ.

ನಾದಿನಿಗೆ ಹಲ್ಲುನೋವು, ಡಾಕ್ಟರ ಹತ್ತಿರ ಹೋಗಬೇಕಿತ್ತು. ತನ್ನ ಮಗಳನ್ನು, ನಮ್ಮ ಚಿನಕುರಳಿಯನ್ನು, ನನ್ನ ಜೊತೆ ಕಳಿಸಿದಳು. ಆರು ವರ್ಷ, ಸೋದರಮಾವನದೇ ಅಚ್ಚು, ಬಣ್ಣವೂ ಅದೇ. ನೇರ ಮುಂದಕ್ಕೆ ಹೋಗಿ ತಾತನ ಮೊಣಕಾಲಿಗೆ ಒರಗಿ ಕೂತಳು. ಯಾವ ಪುಟ ಬರಲಿದೆ ಎಂದು ನನಗಲ್ಲವೇ ಗೊತ್ತು. ಎಬ್ಬಿಸಿ ಕರೆತರಬೇಕೆಂದುಕೊಂಡೆ... ಅಷ್ಟರಲ್ಲಿ ತಾತ ಶುರು ಮಾಡಿದ್ದರು.

ಎಂಥ ಓದು! ಒಂದು ಮಗುವೂ ಆಕಳಿಸಲಿಲ್ಲ. ಹುಡುಗಿಯನ್ನು ಆಟಕ್ಕೆ ಸೇರಿಸದೆ ಓಡಿಸಿದರು. ಚಿನಕುರಳಿ ತಲೆಯೆತ್ತಿ, ಆಮೇಲೆ ಅವಳು ಏನು ಮಾಡಿದಳು ಎಂದು ಕೇಳಿದಳು.

ತಾತ ಹಾಳೆ ತಿರುಗಿಸಿದರು. ಕೊಳದ ಪುಟ. ಬಾಯಿ ತೆರೆದರು. ಅವಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಂದು ಹಾಳೆ ಮಗುಚಿ ಮುಂದಕ್ಕೆ ಓದತೊಡಗಿದರು.

ಅವಳೆಲ್ಲಿ ಬಿಡುತ್ತಾಳೆ.

"ತಾತಾ, ಒಂದು ಪುಟ ಬಿಟ್ಬಿಟ್ರಿ."

"ಇಲ್ಲ ಪುಟ್ಟಿ. ಆ ಪುಟ ನಾನಿನ್ನೂ ಬರೆದಿಲ್ಲ."

ಮೇಡಂ ಕೆಮ್ಮಿದರು. ನನ್ನ ಪೆನ್ಸಿಲ್ ಎಲ್ಲೋ ಬಿದ್ದುಹೋಯಿತು.

ಮಾರ್ಚ್ 15, ಭಾನುವಾರ, ಸಂಜೆ 4

ತಾತನ ಫೋನ್! ಕ್ಷಮೆ ಗಿಮೆ ಏನಿಲ್ಲ, ಅದೇ ಗಡಸು ದನಿ.

"ತಿದ್ದೋಕೆ ಬರಬೇಡ. ಆ ಪುಟ ಬರೆಯೋನು ನಾನು. ಕೂತು ಕೇಳು, ಸಾಕು. ಆ ಮಗೂನೂ ಮನೆಗೆ ಕರ್ಕೊಂಡು ಬಾ."

ಹೊರಟಿದ್ದೇವೆ. ಇವನು ಗಾಡಿ ತೆಗೆಯಲು ಕೆಳಗೆ ಹೋದ. ಚಿನಕುರಳಿ ಶೂ ಹಾಕಿಕೊಳ್ಳುತ್ತಲೇ ಷರತ್ತು ಹಾಕುತ್ತಿದ್ದಾಳೆ. ಹುಡುಗಿಗೆ ಈಜು ಬರಬೇಕಂತೆ. ಕೊಳದಲ್ಲಿ ಆಮೆ ಇರಬೇಕಂತೆ. ಮುಳುಗಿ ಎದ್ದಾಗ ಅವಳು ಹೇಗಿರಬೇಕು ಎಂದು ಕೇಳಿದೆ. ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನನ್ನನ್ನು ನೋಡಿದಳು.

"ಒದ್ದೆಯಾಗಿ, ಅತ್ತೆ."

ಕೆಳಗೆ ಹಾರ್ನ್. ಇವನಿಗೆ ಒಂದು ನಿಮಿಷವೂ—