ಕೂಗದ ಕುಕ್ಕರ್

ಬುಧವಾರ, ಮಧ್ಯಾಹ್ನದ ಬಿಡುವು
ಲೈಬ್ರರಿಯ ಹಿಂಭಾಗ, ಹರಿದ ಪುಸ್ತಕಗಳ ಕೋಣೆ

ನನ್ನ ಜೀರುಂಡೆಗೆ,

ಪಾರ್ಸೆಲ್ಲಿನ ಮೇಲೆ ಅಮ್ಮನ ಕೈಬರಹ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಎಂದಿನಂತೆ ಹಗಲೆಲ್ಲ ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿ, ಸಂಜೆ ನಮ್ಮ ಮನೆಯ ಹದಿನಾರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ನಾನು ಚೆನ್ನಾಗಿದ್ದೇನೆ. ಈ ಪತ್ರದಲ್ಲಿ ಪ್ರಾಸ ಹುಡುಕಬೇಡ, ಈಗೀಗ ಹೊಸೆಯುತ್ತಿಲ್ಲ. ವಯಸ್ಸಾಯಿತು ಅಂದುಕೋ.

ವಿಷಯ ಮೊದಲು ಹೇಳಿಬಿಡುತ್ತೇನೆ, ಸಮಜಾಯಿಷಿ ಆಮೇಲೆ. ನಿನ್ನ ಎಡಗಿವಿಯ ವಿಷಯ ನನಗೆ ಹೇಳಿದ್ದು ಗುಂಗುರು ಅಲ್ಲ. ಗುಂಗುರು ಕೂದಲಿನ ಆ ಹುಡುಗಿ, ಎರಡು ವರ್ಷದಿಂದ ನಿನ್ನ ಜೊತೆ ಒಂದೇ ಮನೆಯಲ್ಲಿರುವವಳು, ನನ್ನ ಹತ್ತಿರ ಒಂದು ಅಕ್ಷರವನ್ನೂ ಆಡಿಲ್ಲ. ಯಾರೂ ಹೇಳಲಿಲ್ಲ. ನಾನೇ ಕದ್ದು ಓದಿದೆ.

ಬರೆದಾಯಿತು. ಈಗ ಒಂದು ಲೋಟ ನೀರು ಕುಡಿದು ಬಂದು ಮುಂದುವರಿಸುತ್ತೇನೆ.

ನಾಲ್ಕು ತಿಂಗಳ ಹಿಂದೆ ಹೊಸ ಇ-ರೀಡರ್ ಕೊಂಡು ಹಳೆಯದನ್ನು ನನಗೆ ಕೊಟ್ಟೆಯಲ್ಲ, ನಾನು ಸ್ಲೇಟು ಅನ್ನುತ್ತೇನಲ್ಲ, ಅದು. ಅವತ್ತು ನೀನು ಮಾಡಿದ ಪಾಠ ನೆನಪಿದೆಯಾ? ಲ್ಯಾಪ್‌ಟಾಪಿನ ಕಣ್ಣಿಗೆ ಪಟ್ಟಿ ಅಂಟಿಸು. ಯಾವ ಆ್ಯಪ್ ಏನು ಕೇಳಿದರೂ ಮೊದಲು ಬೇಡ ಅನ್ನು. ನಿಮ್ಮಪ್ಪನ ಫೋನು ತೆಗೆದು ನೋಡಿ ನೀನು ಹಣೆ ಚಚ್ಚಿಕೊಂಡೆ. ಟಾರ್ಚ್ ಹಾಕುವ ಆ್ಯಪ್ಪಿಗೂ ಅವರು ತಮ್ಮ ನೆಂಟರಿಷ್ಟರ ನಂಬರೆಲ್ಲ ಧಾರೆ ಎರೆದುಕೊಟ್ಟಿದ್ದರು. ಕೇಳಿದ್ದಕ್ಕೆಲ್ಲ "ಒಪ್ಪಿದೆ, ಒಪ್ಪಿದೆ" ಅಂತ ಒತ್ತುತ್ತಾ ಹೋಗಿದ್ದರು. ನನ್ನನ್ನು ಒಪ್ಪೋದಕ್ಕೆ ಅದೇ ಮನುಷ್ಯ ಎಂಟು ತಿಂಗಳು ತೆಗೆದುಕೊಂಡಿದ್ದರು. ಆಮೇಲೆ ನನ್ನ ಪಾಸ್‌ವರ್ಡ್ ಕೇಳಿದೆ. ಹೇಳಬಾರದು ಅಂತ ನೀನೇ ಹೇಳಿಕೊಟ್ಟು ನೀನೇ ಕೇಳಿದೆ. "ಅಪ್ಪ ಬೆಪ್ಪ" ಅಂದೆ ನಾನು. "ಅಮ್ಮಾ, ಪ್ರಾಸ ಇದ್ರೆ ಕಳ್ಳನಿಗೆ ಅರ್ಧ ಕೆಲಸ ಮಾಡಿಕೊಟ್ಟ ಹಾಗೆ ಕಣೇ" ಅಂದೆ. ನಿಮ್ಮಪ್ಪ ಪಕ್ಕದ ಕೋಣೆಯಿಂದ, "ಉಳಿದರ್ಧ ಊರಿಗೆಲ್ಲ ಗೊತ್ತಿರೋದೇ" ಅಂದರು.

ಇಷ್ಟೆಲ್ಲ ಹೇಳಿದ ಜಾಣೆ ಸ್ಲೇಟಿನಿಂದ ನಿನ್ನ ಖಾತೆ ತೆಗೆಯುವುದನ್ನು ಮರೆತೆ. ನೀನು ಅಲ್ಲಿ ಹೊಸ ಪುಸ್ತಕ ಕೊಂಡರೆ ಇಲ್ಲಿ ನನ್ನ ತೊಡೆಯ ಮೇಲೆ ಅದರ ಹೊದಿಕೆ ಬಂದು ಕೂರುತ್ತಿತ್ತು. ನೀನು ಯಾವ ಸಾಲಿಗೆ ಅಡಿಗೆರೆ ಎಳೆದೆಯೋ ಆ ಸಾಲಿನ ಕೆಳಗೆ ಇಲ್ಲೂ ಗೆರೆ ಮೂಡುತ್ತಿತ್ತು. ಮೊದಮೊದಲು ಪತ್ತೇದಾರಿ ಕಾದಂಬರಿ, ಕಾಮಿಕ್ಸು, ಯಾರೋ ಸಂಗೀತಗಾರರ ಆತ್ಮಕಥೆ. ನಮ್ಮ ಹುಡುಗಿ ಏನು ಓದುತ್ತಾಳೆ ನೋಡೋಣ ಅಂತ ಖುಷಿಯಿಂದಲೇ ನೋಡಿದೆ. ಆಮೇಲೆ ಒಂದೇ ವಾರದಲ್ಲಿ ಮೂರು ಪುಸ್ತಕ ಬಂದವು, ಮೂರೂ ಒಂದು ಕಿವಿ ಕೇಳದೆ ಬದುಕುವವರ ಕುರಿತು.

ಈ ಕೋಣೆಯಲ್ಲಿ ನಾನು ಪುಸ್ತಕ ಹೊಲಿಯುತ್ತಾ ಇಪ್ಪತ್ತೆರಡು ವರ್ಷವಾಯಿತು. ಪುಸ್ತಕಗಳ ಒಳಗೆ ಜನ ಏನೇನು ಬಿಟ್ಟಿರುತ್ತಾರೆ ಅಂತ ನಿನಗೆ ಗೊತ್ತು. ಬಸ್ ಟಿಕೇಟು, ಹೇರ್‌ಪಿನ್ನು, ಹಲ್ಲಿನ ಎಕ್ಸ್‌ರೇ, ಒಮ್ಮೆ ಒಂದು ಒಣ ಹಲ್ಲಿ. ಪತ್ರಗಳಂತೂ ಲೆಕ್ಕವಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನ ಸೂಜಿ ಹಿಡಿಯುವುದನ್ನೂ ಕಲಿಸಲಿಲ್ಲ, ಅಂಟು ಕಲಸುವುದನ್ನೂ ಕಲಿಸಲಿಲ್ಲ. "ನೋಡಮ್ಮ, ಪುಸ್ತಕ ನಮ್ಮದು, ಒಳಗಿನ ಕಾಗದ ಅವರದು" ಅಂದರು. ಮಡಿಸಿದ್ದನ್ನು ಬಿಚ್ಚಬಾರದು. ಕವರಿಗೆ ಹಾಕಿ, ಮೇಲೆ ಪುಸ್ತಕದ ನಂಬರು ಬರೆದು, ಯಾರಾದರೂ ಕೇಳಿಕೊಂಡು ಬರುವವರೆಗೆ ಕಪಾಟಿನಲ್ಲಿಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದವನ್ನೂ ನಾನು ಬಿಚ್ಚಿದವಳಲ್ಲ. ಒಮ್ಮೆ ನಿಮ್ಮಪ್ಪನ ಅಕ್ಷರದಂಥ ಅಕ್ಷರ ಕಂಡರೂ ಬಿಚ್ಚಲಿಲ್ಲ. ಎರಡು ದಿನ ಅವರ ಮುಖವನ್ನೇ ನೋಡಿದೆ, ಅಷ್ಟೆ.

ಅಂಥವಳು ನಿನ್ನ ಅಡಿಗೆರೆಗಳನ್ನು ಓದಿದೆ. ಕಣ್ಣಿಗೆ ಬಿತ್ತು ಅಂತ ಹೇಳಿ ಪಾರಾಗೋಣ ಅಂದರೆ ಅದೂ ಆಗುವುದಿಲ್ಲ, ಯಾಕೆಂದರೆ ಪುಸ್ತಕ ಇಂಗ್ಲಿಷಿನಲ್ಲಿತ್ತು. ಬರೀ ಕನ್ನಡದಲ್ಲೇ ಓದಿದ ನಿನ್ನಮ್ಮ, ತಾನೇ ರಟ್ಟು ಕಟ್ಟಿದ ಲೈಬ್ರರಿಯ ದಪ್ಪ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು, ಪದಕ್ಕೊಂದು ಪುಟ ತಿರುಗಿಸುತ್ತಾ, ಹನ್ನೊಂದು ದಿನ ಕೂತು ಕದ್ದಳು. ಕಳ್ಳತನಕ್ಕೆ ನಿಘಂಟು ತಂದುಕೊಂಡ ಕಳ್ಳಿ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಎಡಗಿವಿ ಅಂತ ಬಂದಲ್ಲೆಲ್ಲ ನಿನ್ನ ಗೆರೆ ಇತ್ತು. ಪ್ರತಿ ಪದಕ್ಕೂ ನಿಲ್ಲಿಸುವ ಅವಕಾಶವಿತ್ತು. ನಿಲ್ಲಿಸಲಿಲ್ಲ. ಒಂದು ಮಾತು ಮಾತ್ರ ಹೇಳಿಕೊಳ್ಳುತ್ತೇನೆ: ಸಾಲುಗಳ ಪಕ್ಕದಲ್ಲಿ ನೀನೇ ಟೈಪ್ ಮಾಡಿಟ್ಟ ಟಿಪ್ಪಣಿಗಳನ್ನು ನಾನು ಮುಟ್ಟಲಿಲ್ಲ.

ನೀನು ಯಾಕೆ ಮುಚ್ಚಿಟ್ಟೆ ಅಂತ ನಾನು ಕೇಳುವುದಿಲ್ಲ. ಕಿವಿಯೇ ನಿನ್ನ ಅನ್ನ. ಸ್ಟುಡಿಯೋದಲ್ಲಿ ಕೂತು, ಓದುವವರ ಕೆಮ್ಮು, ಉಗುಳು ನುಂಗಿದ ಸದ್ದು, ಪುಟ ಸರಿದ ಸದ್ದು ಎಲ್ಲ ಹೆಕ್ಕಿ ತೆಗೆದು, ಕೇಳುವ ಪುಸ್ತಕವನ್ನು ಚೊಕ್ಕ ಮಾಡುವವಳು ನೀನು. ನಾನು ಹರಿದದ್ದನ್ನು ಹೊಲಿಯುತ್ತೇನೆ, ನೀನು ದನಿಯನ್ನು ಹೊಲಿಯುತ್ತೀಯ ಅಂತ ನಾನು ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೇನೆ. ಈ ಕೋಣೆಯಲ್ಲೇ ಅಲ್ಲವೇ ಅದು ಶುರುವಾಗಿದ್ದು? ಸ್ಕೂಲು ಬಿಟ್ಟು ಬಂದು, ರಿಪೇರಿಗೆ ಬಂದ ಕಾಮಿಕ್ಸುಗಳ ಗುಡ್ಡದ ಮೇಲೆ ಕೂತು ಓದುತ್ತಿದ್ದೆ. ಹರಿಯುವುದು ಯಾವಾಗಲೂ ಕೊನೆಯ ಪುಟವೇ. ಕೊನೆ ನಾನು ಪ್ರಾಸದಲ್ಲಿ ಹೇಳಬೇಕು, ಸದ್ದು ನೀನು ಮಾಡಬೇಕು. "ಅಮ್ಮಾ, ಇಲ್ಲಿ ಧಡ್ ಅಂತ ಬರ್ದಿದಾರೆ, ತಪ್ಪು. ತಾಮ್ರದ ಹಂಡೆ ಬಿದ್ರೆ ಢಣಾರ್ ಅನ್ನತ್ತೆ" ಅಂತ ತಿದ್ದುತ್ತಿದ್ದೆ. ಬೀಳದ ಹಂಡೆಯ ಸದ್ದೂ ಕೇಳಿಸುತ್ತಿದ್ದ ಕಿವಿ ನಿನ್ನದು. ದಿನವಿಡೀ ಗುಯ್ಯ್ ಅನ್ನುತ್ತಿದ್ದ ನಿನಗೆ ಜೀರುಂಡೆ ಅಂತ ಹೆಸರಿಟ್ಟವರು ನಿಮ್ಮಪ್ಪ.

ಪುಸ್ತಕ ಓದಿ ಮುಗಿಸಿದ ಮರುದಿನ ಎಡಗಿವಿಗೆ ಹತ್ತಿ ತುರುಕಿಕೊಂಡು ಕೆಲಸಕ್ಕೆ ಬಂದೆ. ಹೇಗಿರುತ್ತದೆ ನೋಡೋಣ ಅಂತ. ಗೇಟಿನವನು ಎಡಗಡೆಯಿಂದ ಎರಡು ಸಲ ಕರೆದನಂತೆ. ಅಮ್ಮಾವ್ರಿಗೆ ಕೊಬ್ಬು ಬಂದಿದೆ ಅಂದುಕೊಂಡ. ನನ್ನ ಫೋನು ಹೊಡೆದುಕೊಳ್ಳುತ್ತಿತ್ತು, ಎಲ್ಲಿಂದ ಅಂತ ತಿಳಿಯಲಿಲ್ಲ. ಕಪಾಟಿನಲ್ಲಿ ಹುಡುಕಿದೆ, ಅಂಟಿನ ಬಕೆಟ್ಟಿನ ಹಿಂದೆ ಹುಡುಕಿದೆ. ಅದು ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಮಧ್ಯಾಹ್ನ ನೀನು ಕೊಟ್ಟ ಇಯರ್‌ಫೋನಿನ ಬಲಗಡೆಯದನ್ನು ಮಾತ್ರ ಹಾಕಿಕೊಂಡು, ನಾನು ಸಾವಿರ ಸಲ ಕೇಳಿದ ಹಳೆಯ ಹಾಡು ಹಾಕಿದೆ. ಹಾಡಿನವಳು ಬಂದಳು, ತಬಲ ಬಂತು. ಕೊಳಲು ಬರಲಿಲ್ಲ. ಕೊಳಲು ಎಡಗಡೆ ಕೂತಿತ್ತು. ಆಗ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಫೋನಿನ ಸೆಟ್ಟಿಂಗ್ಸ್ ಎಲ್ಲ ತಡಕಾಡಿ, ಎರಡೂ ಕಡೆಯ ದನಿಯನ್ನು ಒಂದೇ ಕಡೆ ಸುರಿಯುವ ಗುಂಡಿ ಕಂಡುಹಿಡಿದೆ. ಕೊಳಲು ಬಂದು ತಬಲದ ಪಕ್ಕ ಸ್ವಲ್ಪ ಇಕ್ಕಟ್ಟಾಗಿ ಕೂತಿತು. ನಿನಗೆ ಗೊತ್ತಿಲ್ಲದ್ದೇನಲ್ಲ. ನಾನು ಕಂಡುಹಿಡಿದೆ ಅಂತ ಹೇಳಿಕೊಳ್ಳಬೇಕು ಅನ್ನಿಸಿತು, ಅಷ್ಟೆ.

ಅಲ್ಲಿಂದ ಮುಂದೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನೀನು ಮನೆಗೆ ಬಂದಾಗ ರಸ್ತೆಯಲ್ಲಿ ನಿನ್ನ ಬಲಕ್ಕೇ ನಡೆದೆ. ಊಟದ ಮೇಜಿನಲ್ಲಿ ನಿನ್ನ ಕುರ್ಚಿಯನ್ನು ಎಡಗಡೆ ಗೋಡೆ ಬರುವಂತೆ ಹಾಕಿದೆ. ನೀನು ಗಮನಿಸಿದೆ, ಅನ್ನ ಕಲಸಿಕೊಂಡೆ. ಮೂರು ವಾರದ ಹಿಂದೆ ಫೋನಿನಲ್ಲಿ, "ಸರಿಯಾಗಿ ಕೇಳಿಸ್ತಿಲ್ಲ ಅಮ್ಮಾ" ಅಂದೆ. ನನ್ನ ಹಾಳು ಬಾಯಿ, "ಬಲಗಿವಿಗೆ ಹಿಡ್ಕೊಳೇ" ಅಂದುಬಿಟ್ಟಿತು.

ಆಮೇಲಿನ ಮೌನ ನನ್ನ ಎರಡೂ ಕಿವಿಗೆ ಕೇಳಿಸಿತು. "ಯಾರು ಹೇಳಿದ್ರು ನಿಂಗೆ?" ಅಂದೆ ನೀನು. ನೀನೇ ಮುಂದುವರಿಸಿ, "ಅವಳಿಗೊಬ್ಬಳಿಗೇ ಗೊತ್ತಿದ್ದಿದ್ದು. ಅವಳೇ ತಾನೇ?" ಅಂದೆ. ನಾನು ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. "ಕುಕ್ಕರ್ ಕೂಗ್ತಿದೆ, ಇಡ್ತೀನಿ" ಅಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ನಿಮ್ಮಪ್ಪ ಪೇಪರಿನಿಂದ ತಲೆಯೆತ್ತಿ, "ಯಾವ ಕುಕ್ಕರೇ?" ಅಂದರು.

ನಿಮ್ಮಿಬ್ಬರ ಜಗಳ ನಾಲ್ಕು ದಿನದಲ್ಲಿ ಸರಿಹೋಗುತ್ತದೆ, ನಾನು ಸಿಕ್ಕಿಬೀಳದೆ ಉಳಿಯುತ್ತೇನೆ ಅಂತ ಲೆಕ್ಕ ಹಾಕಿದೆ. ನಿನ್ನೆ ಗುಂಗುರು ಇಲ್ಲಿಗೆ ಬಂದಳು. ತನ್ನ ಕನ್ನಡಕದಂಗಡಿಯ ಕೆಲಸದ ಮೇಲೆ ಈ ಊರಿಗೆ ಬಂದಿದ್ದಳಂತೆ. ಬಾಗಿಲಲ್ಲೇ ನಿಂತು, "ಆಂಟಿ, ಹೊಸ ಪುಸ್ತಕ ಬರೋ ರಟ್ಟಿನ ಪೆಟ್ಟಿಗೆ ನಾಲ್ಕು ಇದ್ರೆ ಕೊಡ್ತೀರಾ? ಭಾನುವಾರ ಮನೆ ಬಿಡ್ತಿದೀನಿ" ಅಂದಳು. ಯಾಕೆ ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ. "ನಾನು ನಿಮಗೆ ಹೇಳ್ದೆ ಅಂದ್ಕೊಂಡಿದಾಳೆ. ಹೇಳಿಲ್ಲ ಅಂತ ಒಂದ್ಸಲ ಅಂದೆ. ನಂಬಲಿಲ್ಲ. ಎರಡನೇ ಸಲ ಹೇಳಲ್ಲ ಆಂಟಿ" ಅಂದಳು. ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ. ಎತ್ತು ನಾನು, ಕೈಯಲ್ಲಿ ಅಂಟು ಹಿಡಿದು ನಿಂತಿದ್ದೆ. ಅವಳಿಗೆ ಎಲ್ಲ ಹೇಳಿಬಿಟ್ಟೆ, ಸ್ಲೇಟು, ನಿಘಂಟು, ಇಲ್ಲದ ಕುಕ್ಕರು. ಕುಕ್ಕರಿಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನಗ್ಯಾಕೆ ಹೇಳ್ತೀರಿ ಆಂಟಿ? ನಾನು ಹೇಳಿಲ್ಲ ಅಂತ ನನಗೆ ಗೊತ್ತೇ ಇತ್ತಲ್ಲ. ಅವಳಿಗೆ ಹೇಳಿ" ಅಂದಳು. ನೀವಾಗಿ ಹೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ ಅಂತಲೂ ಅಂದಳು. ಇಂಥವಳನ್ನು ನೀನು ಬಾಯಿಬಡುಕಿ ಅಂದುಕೊಂಡೆ, ನನ್ನ ದೆಸೆಯಿಂದ. ಪೆಟ್ಟಿಗೆ ನಾಲ್ಕು ಕೊಟ್ಟೆ. ಅದರಲ್ಲಿ ಮೂರರ ತಳ ಗಟ್ಟಿಯಿಲ್ಲ. ಬೇಕಂತಲೇ ಆರಿಸಿದೆನೋ ಇಲ್ಲವೋ, ನೀನೇ ಊಹಿಸಿಕೋ.

ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಾದರೆ ನನಗೆ ಇನ್ನೊಂದು ಕುಕ್ಕರ್ ಸಿಕ್ಕಿಬಿಡುತ್ತದೆ ಅಂತ ಭಯ. ಕಾಗದದಲ್ಲಿ ತಪ್ಪಿಸಿಕೊಳ್ಳೋಕಾಗಲ್ಲ, ಮತ್ತೆ ಕಾಗದಕ್ಕೆ ಎಡಗಿವಿ ಬಲಗಿವಿ ಅಂತಿಲ್ಲ. ನಾಳೆ ಬೆಳಗಿನ ಕೊರಿಯರಿಗೆ ಕೊಟ್ಟರೆ ಶುಕ್ರವಾರ ನಿನ್ನ ಕೈಯಲ್ಲಿರುತ್ತದೆ. ಭಾನುವಾರಕ್ಕೆ ಎರಡು ದಿನ ಉಳಿದಿರುತ್ತದೆ.

ಸ್ಲೇಟನ್ನು ಇದರ ಜೊತೆಗೇ ಕಳಿಸಿದ್ದೇನೆ. ನಿನ್ನ ಖಾತೆ ತೆಗೆಯಲು ಪಾಸ್‌ವರ್ಡ್ ಕೇಳಿತು. ನಿನ್ನದು ಪ್ರಾಸವಿಲ್ಲದ ಪಾಸ್‌ವರ್ಡ್ ಇರಬೇಕು, ನನ್ನ ಕೈಗೆ ಸಿಗಲಿಲ್ಲ. ಲೈಬ್ರರಿಯ ಕವರಿಗೆ ಹಾಕಿ, ನಂಬರಿನ ಜಾಗದಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ. ನಿಮ್ಮಪ್ಪನಿಗೆ ಏನೂ ಹೇಳಿಲ್ಲ. ಅದು ನಿನ್ನ ಕಾಗದ, ಬೇಕೆನಿಸಿದಾಗ ಬಿಚ್ಚು, ಬಿಚ್ಚದಿದ್ದರೂ ಸರಿ. ಸ್ಟುಡಿಯೋದವರಿಗೆ ಹೇಳಬೇಕೋ ಬೇಡವೋ, ಅದೂ ನಿನ್ನದೇ. ನನ್ನ ಮೇಲೆ ಕೋಪವಿದ್ದರೆ ಇಟ್ಟುಕೋ, ಎಷ್ಟು ದಿನ ಬೇಕಾದರೂ. ಆದರೆ ಅವಳ ಮೇಲಿನದನ್ನು ತೆಗೆದು ನನ್ನ ಮೇಲೆ ಹಾಕು. ಬೇಡುವುದು ಅಷ್ಟೇ.

ಗಂಟೆ ಎರಡಾಯಿತು. ಕೊನೆಯ ಪುಟ ಹರಿದ ಹದಿನಾಲ್ಕು ಕಾಮಿಕ್ಸು ಕಾಯುತ್ತಿವೆ.

ಕಳ್ಳಿಯಾದರೂ ನಿನ್ನವಳೇ ಆದ,
ಅಮ್ಮ

ಮರೆತಂತೆ ಮಾಡಿದ್ದು: ಟಿಪ್ಪಣಿಗಳನ್ನು ಮುಟ್ಟಲಿಲ್ಲ ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಒಂದನ್ನು ಓದಿದೆ. ವಿಷಯ ತಿಳಿದ ಮೇಲೆ ಮನೆಯವರ ಮಾತಿನ ಧಾಟಿಯೇ ಬದಲಾಗುತ್ತದೆ ಅನ್ನುವ ಸಾಲಿನ ಪಕ್ಕ ನೀನು ಬರೆದಿದ್ದೆ: "ಅಮ್ಮಂಗೆ ಗೊತ್ತಾದ್ರೆ ಪ್ರಾಸ ಹೊಸೆಯೋದು ನಿಲ್ಲಿಸ್ತಾಳೆ. ಅದೊಂದು ಆಗಬಾರದು." ಅದು ಕನ್ನಡದಲ್ಲಿತ್ತು. ನಿಘಂಟು ಬೇಕಾಗಲಿಲ್ಲ. ನೀನು ಹೇಳಿದಂತೆಯೇ ಆಯಿತು ನೋಡು, ಅವತ್ತಿನಿಂದ ಒಂದೂ ಹುಟ್ಟಿಲ್ಲ. ಹುಷಾರಿಲ್ಲವಾ ಅಂತ ನಿಮ್ಮಪ್ಪ ಎರಡು ಸಲ ಕೇಳಿದರು. ಈಗ ಇದನ್ನೆಲ್ಲ ಬರೆದು, ಕವರಿಗೆ ಅಂಟು ಹಚ್ಚುವಾಗ ಒಂದು ಬಂತು. ತುಕ್ಕು ಹಿಡಿದಿದೆ, ಕಿರುಗುಟ್ಟುತ್ತದೆ, ಆದರೂ ಕಳಿಸುತ್ತಿದ್ದೇನೆ:

ಎಡದ ಕಿವಿಯು ಹೂಡಿದರೆ ಮುಷ್ಕರ,
ಬಲದ ಕಿವಿಗೆ ಅಮ್ಮನ ನಮಸ್ಕಾರ.
ಗುಂಗುರು ಕಟ್ಟಿದ ಪೆಟ್ಟಿಗೆ ನಾಲ್ಕು,
ಬಿಚ್ಚಿಸು ಮೊದಲು, ಮುನಿಸು ಸಾಕು.

ಗಟ್ಟಿಯಾಗಿ ಓದು. ಪಕ್ಕದ ಕೋಣೆಯವಳಿಗೂ ಕೇಳಿಸಲಿ.