ನಲವತ್ತರ ಮೇಲೆ ಹೋಗದ ಗಾಡಿ

ಜನವರಿ 8, ಸೋಮವಾರ

ಸೋಮವಾರ ಅಂದ್ರೆ ನಮ್ಮ ನರ್ಸಿಂಗ್ ಹೋಮ್‌ನ ಎಕ್ಸ್‌ರೇ ರೂಮು ತುಂಬಿರುತ್ತೆ. ಭಾನುವಾರ ಬಿದ್ದವರೆಲ್ಲ ಬರೋದು ಇವತ್ತೇ. ಮೊಣಕಾಲು, ಮುಂಗೈ, ಕಾಲರ್ ಬೋನ್. ಎಲ್ಲಾ ಬೈಕು. ಇಷ್ಟು ವರ್ಷದಿಂದ ಇದೇ ಕೆಲಸ — "ಉಸಿರು ಹಿಡ್ಕೊಳಿ, ಅಲ್ಲಾಡ್ಬೇಡಿ." ಆದ್ರೂ ತುಂಡಾದ ಮೂಳೆ ಸ್ಕ್ರೀನ್ ಮೇಲೆ ಬಂದ ಕೂಡ್ಲೇ ಚೀಟಿ ಮೇಲಿನ ಹೆಸರು ಮತ್ತೆ ನೋಡ್ತೀನಿ. ಎರಡು ವರ್ಷದ ಹಿಂದೆ ನಮ್ಮ ಯಜಮಾನ್ರ ಬಲಗಾಲಿಗೆ ಎಕ್ಸ್‌ರೇ ತೆಗೆದವಳೂ ನಾನೇ. ಮೂಳೆ ಅನ್ನೋಕೆ ಏನೂ ಉಳಿದಿರಲಿಲ್ಲ. ಮೊಣಕಾಲಿನಿಂದ ಕೆಳಗೆ ತೆಗೆದ್ರು.

ಮನೆಗೆ ಬಂದ್ರೆ ಇವರು ಹಾಳೆ ಮೇಲೆ ಗಾಡಿ ಚಿತ್ರ ಬರೀತಾ ಕೂತಿದ್ರು. ಬೈಕು ಶಿರಾಕ್ಕೆ ಹೋಗಿದೆ. ಅಲ್ಲಿ ಬುಡೇನ್ ಸಾಬ್ ಅಂತ ವೆಲ್ಡರ್. ಹಿಂದಿನ ಚಕ್ರ ಬಿಚ್ಚಿ, ಎರಡು ಚಕ್ರ ಕೂರಿಸಿ ಮೂರು ಚಕ್ರದ ಗಾಡಿ ಮಾಡ್ತಾರಂತೆ. ಇವರನ್ನ ಬೀಳಿಸಿದ ಅದೇ ಬೈಕು. ಅದೇ ಎಂಜಿನ್. ಆವತ್ತು ತೊಂಬತ್ತರ ಸ್ಪೀಡಲ್ಲಿದ್ದೆ ಅಂತ ಆಮೇಲೆ ಅವರೇ ಹೇಳಿದ್ದು.

ಬೇರೆ ಏನಾದ್ರೂ ಮಾಡಬಹುದಲ್ಲ ಅಂದೆ.

"ಮೈಕ್ ಸೆಟ್ಟು ಎರಡು ವರ್ಷದಿಂದ ಮೂಲೇಲಿ ಕೂತೈತೆ ಕಣೇ ವೇದಾ. ಅದರ ಪಕ್ಕ ನಾನೂ ಕೂತಿವ್ನಿ."

ಮದುವೆ, ನಾಮಕರಣ, ಎಲೆಕ್ಷನ್ — ಮಧುಗಿರಿ ಸುತ್ತ ಮೈಕ್ ಸೆಟ್ ಭೀಮರಾಜು ಅಂದ್ರೆ ಗೊತ್ತಿಲ್ಲದವರಿರಲಿಲ್ಲ. 

ಜನವರಿ 14, ಭಾನುವಾರ

ಶಿರಾಕ್ಕೆ ಹೋಗಿದ್ವಿ, ಗಾಡಿ ನೋಡೋಕೆ. ಅರ್ಧ ಆಗಿದೆ. ಹಿಂದೆ ಅಗಲವಾದ ಫ್ರೇಮು, ಸ್ಪೀಕರ್ ಇಡೋಕೆ ಕಬ್ಬಿಣದ ತೊಟ್ಟಿ. ಬಲಗಾಲಲ್ಲಿ ಒತ್ತೋ ಬ್ರೇಕು ಈಗ ಕೈಗೆ ಬಂದಿದೆ, ಕ್ಲಚ್ ಪಕ್ಕ ಇನ್ನೊಂದು ಹಿಡಿ. ರಿವರ್ಸ್‌ಗೆ ಟ್ಯಾಂಕ್ ಹತ್ರ ಒಂದು ಕೋಲು. ಊರುಗೋಲು ಸಿಗಿಸೋಕೆ ಕ್ಲಾಂಪು. ಬೆನ್ನಿಗೆ ಒರಗು. ಮಂಜಿಗೆ ಹಳದಿ ಲೈಟು ಬೇಕಂತೆ, ಅದೂ ಆಯ್ತು.

ಇವರ ಮುಖ ನೋಡಬೇಕಿತ್ತು. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡ್ತಿದ್ರು.

ಆಮೇಲೆ ಕೇಳಿದ್ರು: "ಸಾಬ್ರೇ, ಎಷ್ಟು ಓಡ್ತೈತೆ?"

"ಎಂಬತ್ತು ಆರಾಮ್ ಭಾಯ್. ಎಂಜಿನ್ ಜಬರ್ದಸ್ತ್ ಐತೆ."

ಇಬ್ಬರೂ ನಕ್ಕರು. ವಾಪಸ್ ಬಸ್ಸಲ್ಲಿ ಬಡವನಹಳ್ಳಿ ದಾಟೋವರೆಗೂ ಡ್ರೈವರ್ ಮುಂದಿನ ಮೀಟರ್ ಮುಳ್ಳನ್ನೇ ನೋಡ್ತಾ ಕೂತಿದ್ದೆ.

ಜನವರಿ 18, ಗುರುವಾರ

ಅರ್ಧ ದಿನ ರಜ ಹಾಕಿ ಒಬ್ಬಳೇ ಶಿರಾಕ್ಕೆ ಹೋಗಿದ್ದೆ. ಮನೇಲಿ ಹೇಳಿಲ್ಲ.

ನಲವತ್ತರ ಮೇಲೆ ಹೋಗದಂಗೆ ಮಾಡಿ ಅಂದೆ. ಬುಡೇನ್ ಸಾಬ್ ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು.

"ಅಕ್ಕ, ಗಾಡಿ ಅವರ್ದು. ಅವರ್ಗೆ ಗೊತ್ತಿಲ್ದೆ ಹೆಂಗೆ?"

"ಅವರ ಕಾಲು ಹೋಗಿದ್ದನ್ನ ನೀವು ನೋಡಿಲ್ಲ ಸಾಬ್ರೇ. ನಾನು ನೋಡಿದೀನಿ."

ಅತ್ತುಬಿಟ್ಟೆ. ಅಳಬೇಕು ಅಂತ ಹೋಗಿರಲಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ ಅನ್ಸುತ್ತೆ. ಕಾರ್ಬೊರೇಟರ್ ಬಾಯಿಗೆ ಸಣ್ಣ ತೂತಿನ ತಗಡು ಕೂರಿಸ್ತೀನಿ ಅಂದ್ರು. ಎಕ್ಸಲೇಟರ್ ಪೂರ್ತಿ ತಿರುಗುತ್ತೆ, ಗಾಡಿ ಮಾತ್ರ ಎಳೆಯಲ್ಲ. ಹೊರಗಡೆಗೆ ಏನೂ ಕಾಣಲ್ಲ.

"ಯಾರಿಗೂ ಹೇಳಬೇಡಿ."

"ಖುದಾ ನೋಡ್ಕೊಳ್ಳಿ," ಅಂದ್ರು.

ರಾತ್ರಿ ಚೆನ್ನಾಗಿ ನಿದ್ದೆ ಬಂತು. ನಿಜ ಬರೀಬೇಕಲ್ಲ — ಬಂತು.

ಜನವರಿ 21, ಭಾನುವಾರ

ಗಾಡಿ ಬಂತು. ಅತ್ತೆ ನಿಂಬೆಹಣ್ಣು ಇಟ್ಟು, ಮೂರು ಚಕ್ರಕ್ಕೂ ಕುಂಕುಮ ಹಚ್ಚಿದ್ರು. "ನನ್ ಮಗ ಎದ್ದು ಬಂದ್ಬುಟ್ಟ ಕಣಮ್ಮಿ," ಅಂತ ಬೀದಿಗೆಲ್ಲ ಕೇಳೋ ಹಂಗೆ. ಇವರು ಬೀದಿ ತುದಿವರೆಗೂ ಹೋಗಿ, ತಿರುಗಿ ಬಂದು, ಮೈಕ್ ತಗೊಂಡು "ಹಲೋ, ಹಲೋ, ಚಿಕ್ಕಹನುಮಕ್ಕನವರ ಮಗ ಮಾತಾಡ್ತಾ ಇದೀನಿ" ಅಂದ್ರು. ಎಲ್ಲರೂ ನಕ್ಕರು. ನಾನೂ.

ಹಿಂದೆ ಕೂತ್ಕೋ ಬಾ ಅಂದ್ರು. ಪಾತ್ರೆ ಇದೆ ಅಂತ ಒಳಗೆ ಬಂದೆ.

ಜನವರಿ 30, ಮಂಗಳವಾರ

"ಯಾಕೋ ಎಳೀತಿಲ್ಲ ಕಣೇ. ಭಾರಕ್ಕೋ ಏನೋ." ತೊಟ್ಟಿಯ ಮೇಲಿನ ಪೈಪು ಕತ್ತರಿಸಿದ್ರು. ಒರಗು ತೆಗೆದ್ರು. ಆಸೆಯಿಂದ ಹಾಕಿಸಿದ್ದು. ಬೆನ್ನು ನೋವು ಅಂತ ಎರಡು ದಿನದಿಂದ ಮುಲಾಮು ಹಚ್ತಿದೀನಿ.

ಹೇಳೋಕೆ ಬಾಯಿವರೆಗೂ ಬರುತ್ತೆ. ಎಂಬತ್ತು ಅನ್ನೋದು ನೆನಪಾಗುತ್ತೆ, ನುಂಗ್ತೀನಿ.

ಫೆಬ್ರವರಿ 9, ಶುಕ್ರವಾರ

ಮಧ್ಯಾಹ್ನ. ರೂಮಲ್ಲಿ ಒಬ್ಬ ಮುದುಕರಿಗೆ ಎದೆ ಎಕ್ಸ್‌ರೇ. ಹೊರಗೆ ಗಲಾಟೆ. ನರ್ಸ್ ಬಾಗಿಲು ತೆಗೆದು "ವೇದಾವತಿ ಮೇಡಂ, ನಿಮ್ಮ ಯಜಮಾನ್ರು..." ಅಂದಳು. 

ವೀಲ್‌ಚೇರ್‌ನಲ್ಲಿ ಕೂತಿದ್ರು. ಮೈಯೆಲ್ಲ ಕೆಂಪು ಮಣ್ಣು. ತರಚಿದ ಮೊಣಕೈ. ಪ್ರಾಣ ಇತ್ತು. 

ಮಿಡಿಗೇಶಿ ಕಡೆ ಗೃಹಪ್ರವೇಶಕ್ಕೆ ಹೊರಟಿದ್ದವರು. ಹಿಂದೆ ಸ್ಪೀಕರ್ ಎರಡು. ಏರಲ್ಲಿ ಮುಂದೆ ಹುಲ್ಲಿನ ಟ್ರ್ಯಾಕ್ಟರ್. ದಾಟೋಕೆ ಬಲಕ್ಕೆ ಬಂದಿದಾರೆ. ಅದೇ ಹೊತ್ತಿಗೆ ಮೇಲಿಂದ ಬಸ್ಸು. ಇನ್ನೊಂದಿಷ್ಟು ಎಳೆದಿದ್ರೆ ಟ್ರ್ಯಾಕ್ಟರ್ ಮುಂದೆ ಸೇರ್ಕೋಬಹುದಿತ್ತು. ಎಳೀಲಿಲ್ಲ. ಬಸ್ಸಿನ ಡ್ರೈವರ್ ಹೆಂಗೆ ಬ್ರೇಕ್ ಹಾಕಿದರೋ. ಗಾಡಿ ರಸ್ತೆ ಬಿಟ್ಟು ಜಲ್ಲಿ ಗುಡ್ಡೆಗೆ ನುಗ್ಗಿದೆ. ಆ ಬಸ್ಸಲ್ಲೇ ಕೂರಿಸ್ಕೊಂಡು ಬಂದಿದಾರೆ ಪುಣ್ಯಾತ್ಮರು.

ಬಲಗೈ ಊದಿತ್ತು. ಡಾಕ್ಟರ್ ಎಕ್ಸ್‌ರೇ ಬರೆದ್ರು. ಬೇರೆ ಯಾರಿದಾರೆ ತೆಗೆಯೋಕೆ?

ಟೇಬಲ್ ಮೇಲೆ ಕೈ ಇಟ್ಟೆ. ಬೆರಳು ಅಗಲಿಸಿದೆ. ಅವರು ಮೆಲ್ಲಗೆ ಅಂದ್ರು —

"ನಾನು ಕೈ ತಿರುಗಿಸಲೇ ಇಲ್ಲ ಕಣೇ."

"ಏನು?"

"ಎಕ್ಸಲೇಟರ್ ತಿರುಗಿಸ್ದೆ ಅನ್ಕಂಡೆ. ಬಸ್ಸು ಕಂಡ ತಕ್ಷಣ ಕೈ ಸತ್ತೋಯ್ತು. ತಿರುಗಿಸಿದ್ರೆ ಗಾಡಿ ಹೋಗ್ದೆ ಇರ್ತಿತ್ತಾ?"

ಅಲ್ಲಾಡ್ಬೇಡಿ ಅಂದೆ. ಅಷ್ಟೇ ಅಂದಿದ್ದು ನಾನು. ಗಾಜಿನ ಹಿಂದೆ ಹೋಗಿ ಬಟನ್ ಒತ್ತಿದೆ.

ಮೂಳೆ ಒಂದೂ ಮುರಿದಿಲ್ಲ.

ಫೆಬ್ರವರಿ 10, ಶನಿವಾರ

ಇವರು ಬುಡೇನ್ ಸಾಬ್‌ಗೆ ಫೋನ್ ಮಾಡಿದ್ರು. ನಾನು ಅಡುಗೆಮನೇಲಿ. ಸ್ಪೀಕರ್ ಆನ್ ಇತ್ತು. "ಸಾಬ್ರೇ, ಎಂಜಿನ್‌ದೇನಾದ್ರೂ ತೊಂದ್ರೆನಾ?" ಆ ಕಡೆ ಸುತ್ತಿಗೆ ಸದ್ದು ನಿಂತಿತು. ಆಮೇಲೆ, "ಇಲ್ಲ ಭಾಯ್... ಗಾಡಿ ಠೀಕ್ ಐತೆ."

"ನೋಡ್ದಾ? ತಪ್ಪು ನಂದೇ," ಅಂದ್ರು ಇವರು.

ಫೆಬ್ರವರಿ 20, ಮಂಗಳವಾರ

ಬರೆಯೋಕೆ ಆಗಿರಲಿಲ್ಲ.

ಗಾಡಿ ಶೆಡ್ಡಲ್ಲಿ, ಮೇಲೆ ಟಾರ್ಪಾಲು. ಇವರು ಮಾತು ಕಮ್ಮಿ ಮಾಡಿದಾರೆ. ಊಟದ ಮಧ್ಯೆ ಬಲಗೈ ಮುಷ್ಟಿ ಕಟ್ಟಿ ಬಿಚ್ಚಿ ನೋಡ್ಕೋತಾರೆ. ಇವತ್ತು ಪಾವಗಡದ ಲಕ್ಷ್ಮೀಪತಿಗೆ ಮೈಕ್ ಸೆಟ್ ಕೊಟ್ಟುಬಿಡ್ತೀನಿ ಅಂದ್ರು. ಪೂರ್ತಿ. ಆಂಪ್ಲಿಫೈಯರ್ ಸಮೇತ.

ಅತ್ತೆ ಬಟ್ಟಲು ತೊಳೀತಾ, "ಕಾಲು ಹೋದಾಗ್ಲೂ ಇಂಗೆ ಕೂತಿರ್ಲಿಲ್ಲ ಕಣಮ್ಮಿ ಇವ್ನು. ಈಗೇನಾಯ್ತು?"

ನನಗೆ ಬೇಕಾಗಿದ್ದೂ ಇದೇ ತಾನೇ. ಮನೇಲಿದಾರೆ. ಸೇಫ್ ಆಗಿದಾರೆ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಇವರು ಕೂತಿರೋ ಜಾಗದಲ್ಲೇ ಸಂಜೆ ಬಂದಾಗಲೂ ಕೂತಿರ್ತಾರೆ. ಹೆದರಿಕೆ ಆಗ್ತಿದೆ. ರಸ್ತೆದಲ್ಲ, ಈ ಕೂತಿರೋದು ನೋಡಿ.

ಬುಡೇನ್ ಸಾಬ್ ಫೋನು ನನಗೇ ಬಂತು. "ಅಕ್ಕ, ನನ್ ಬಾಯಿಂದ ಝೂಟ್ ಹೇಳಿಸ್ಬುಟ್ರಿ. ನೀವು ಹೇಳ್ತೀರಾ, ನಾನು ಹೇಳ್ಲಾ?"

ನಾನೇ ಹೇಳ್ತೀನಿ ಅಂದೆ. ಹೇಳಿದ್ರೆ ಬಿಟ್ಟು ಹೋಗ್ತಾರಾ? ಹೊಡೀತಾರಾ? ಯಾವತ್ತೂ ಕೈ ಎತ್ತಿಲ್ಲ. ಅದಕ್ಕಿಂತ ಹೆದರಿಕೆ — ಮತ್ತೆ ಎಂಬತ್ತರಲ್ಲಿ ಹೋಗ್ತಾರೆ.

ಫೆಬ್ರವರಿ 21, ಬುಧವಾರ

ಹೇಳಿದೆ. ಅತ್ತೆ ಹಾಲು ತರೋಕೆ ಹೋಗಿದ್ದಾಗ. ನಿಂತ್ಕೊಂಡೇ ಹೇಳಿದೆ, ಶಿರಾಕ್ಕೆ ಹೋಗಿದ್ದು, ಅತ್ತಿದ್ದು, ತಗಡು, ಎಲ್ಲ.

ಇವರು ಬಲಗೈ ಬಿಚ್ಚಿ ನೋಡ್ಕೊಂಡ್ರು. ಆಮೇಲೆ —

"ಅಂಗಾದ್ರೆ ನಾನು ತಿರುಗಿಸಿದ್ದೆ?"

"ಹೂಂ."

"ಪೂರ್ತಿ ತಿರುಗಿಸಿದ್ದೆ?"

"ಹೂಂ ರೀ."

ಮುಖ ಮುಚ್ಕೊಂಡು ಅತ್ತರು. ಕಾಲು ಹೋದಾಗ ಅತ್ತಿರಲಿಲ್ಲ. ಹತ್ರ ಹೋದೆ. "ಮುಟ್ಬೇಡ," ಅಂದ್ರು. "ಆ ಬಸ್ಸಲ್ಲಿ ಐವತ್ತು ಜನ ಇದ್ರು ಕಣೇ. ಬ್ರೇಕ್ ಹತ್ತದಿದ್ರೆ ಅದರ ಕೆಳಗೆ ನಾನಿರ್ತಿದ್ದೆ. ಅದ್ಕೂ ನೀನೇ ಎಕ್ಸ್‌ರೇ ತೆಗೀತಿದ್ಯಾ?"



ಫೆಬ್ರವರಿ 25, ಭಾನುವಾರ

ನಾಲ್ಕು ದಿನ ನನ್ನ ಹತ್ರ ಮಾತಿಲ್ಲ. ಬೆಳಿಗ್ಗೆ ಟಾರ್ಪಾಲು ತೆಗೆದು, "ಶಿರಾಕ್ಕೆ. ನೀನೂ ಬಾ," ಅಂದ್ರು. ಹಿಂದೆ ಕೂತೆ. ಮೊದಲ ಸಲ. ಲಾರಿ ದಾಟಿದಾಗೆಲ್ಲ ಕಣ್ಣು ಮುಚ್ಚಿದೆ.

ಬುಡೇನ್ ಸಾಬ್ ಕಾರ್ಬೊರೇಟರ್ ಬಿಚ್ಚಿ ತಗಡು ತೆಗೆದ್ರು. ಇವರ ಮುಖ ನೋಡಲಿಲ್ಲ. "ಮಾಫ್ ಮಾಡಿ ಭಾಯ್." ಇವರು ಅವರ ಭುಜ ತಟ್ಟಿ, ಒರಗು ವಾಪಸ್ ಹಾಕಿ ಸಾಬ್ರೇ ಅಂದ್ರು. ಬ್ರೇಕು ಇನ್ನೂ ಗಟ್ಟಿ ಮಾಡಿಸಿದ್ರು. ಬಲಗಡೆ ದೊಡ್ಡ ಕನ್ನಡಿ. ನನ್ನ ಕಡೆ ತಿರುಗಿ, "ನಿಂಗೇನಾದ್ರೂ ಹಾಕಿಸ್ಬೇಕಾ? ಇಲ್ಲೇ ಹೇಳ್ಬುಡು. ನನ್ ಮುಂದೆ."

ನನಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕು ಅಂದೆ. ಸೀಟಿನ ಎರಡು ಕಡೆ ಹಿಡಿ ಹಾಕಿಸಿದ್ರು.

ವಾಪಸ್ ಬರುವಾಗ ಐವತ್ತೈದು. ಇವರ ಹೆಗಲ ಮೇಲಿಂದ ಮೀಟರ್ ಮುಳ್ಳು ಕಾಣ್ತಿತ್ತು. ಅರವತ್ತು. ಹಿಡಿ ಬಿಟ್ಟು ಇವರ ಶರ್ಟ್ ಹಿಡ್ಕೊಂಡೆ.

"ಭಯ ಆಯ್ತೈತಾ?"

"ಹೂಂ."

"ನಂಗೂ," ಅಂದ್ರು. ಮುಳ್ಳು ಕೆಳಗಿಳೀತು.

ಮಾರ್ಚ್ 3, ಭಾನುವಾರ. ಸಂಜೆ

ಬೆಳಿಗ್ಗೆ ವೈ.ಎನ್.ಹೊಸಕೋಟೆಗೆ ಹೋದ್ರು. ನಾಮಕರಣ. ಒಬ್ಬರೇ. ನಾಲ್ಕಕ್ಕೆ ಬರ್ತೀನಿ ಅಂದಿದ್ರು. ದೀಪ ಹಚ್ಚೋ ಹೊತ್ತಾಯ್ತು.

ಓಡಿಸುವಾಗ ಫೋನ್ ಮಾಡಬೇಡ ಅಂದಿದಾರೆ. ಮಾಡಿಲ್ಲ. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೀನಿ. ಅತ್ತೆ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಿದಾರೆ, "ಬತ್ತಾನೆ ಸುಮ್ಕಿರಮ್ಮಿ" ಅಂತಾರೆ. ಬಿಡಿಸಿ ಮುಗಿದಿದೆ, ಬರೀ ಸಿಪ್ಪೆ ತಡಕ್ತಿದಾರೆ.

ನರ್ಸಿಂಗ್ ಹೋಮ್ ನಂಬರ್ ಏನಾದ್ರೂ ಬಂದ್ರೆ ಎತ್ತಲ್ಲ ನಾನು.

ಗಾಡಿ ಸದ್ದು. ಬೀದಿ ತಿರುವಲ್ಲಿ. ಬೈಕಿರಬೇಕು... ಇಲ್ಲ, ಮನೆ ಮುಂದೆ ನಿಂತಿತು. ಊರುಗೋಲು ನೆಲಕ್ಕೆ ಕುಟ್ಟಿದ್ದು ಕೇಳಿಸ್ತು.

"ವೇದಾ! ಬಾರೇ, ಈ ಬಾಕ್ಸು ಒಂದು ಕಡೆ ಹಿಡ್ಕೋ. ನಾಳಿದ್ದು ನಾಗಲಮಡಿಕೆಗೂ ಕರೆದವ್ರೆ!"

ನಾಳಿದ್ದು. ಪಾವಗಡ ದಾಟಿ ಇನ್ನೂ ಆ ಕಡೆ.

ಬಂದೆ ಅಂತ ಕೂಗಿದೆ.  ಪೆನ್ನು ಇಡ್ತಿದೀನಿ, ಬಾಕ್ಸು ಹಿಡೀಬೇಕು.