ಪರಿಶೀಲಿಸಿ ತಿಳಿಸುತ್ತೇವೆ

ನೀರಶಕೆ ನೂರ ತೊಂಬತ್ತೊಂದು, ಎರಡನೆಯ ಆಷಾಢದ ಮೂವತ್ತಾರನೆಯ ದಿನ
ಅಂಚೆಬಾವಿ, ಹುಬ್ಬಳ್ಳಿ ಮೇಲುಪೇಟೆ

ಸನ್ಮಾನ್ಯ ವೀರಭದ್ರಪ್ಪ ಹಂಚಿನಮನಿಯವರಿಗೆ ಶಿವಗಂಗಾ ಸುಣಗಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಆಷಾಢ ಎರಡು ಬರುತ್ತದೆ, ಎರಡೂ ಉದ್ದ. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ಸೊಟ್ಟಗಾದರೆ ಮನ್ನಿಸಿ. ಈ ಪತ್ರ ನಿಮಗೆ ಹೇಗೆ ತಲುಪಿತು ಎಂದು ಕೇಳಬೇಡಿ, ಅದು ನನಗೂ ಪೂರ್ತಿ ತಿಳಿಯದು. ಲೆಕ್ಕ ಸರಿಯಿದ್ದರೆ ನೀವು ಇದನ್ನು ಓದುವಾಗ ಅಲ್ಲಿ ಭಾನುವಾರ. ನಾನೂ ನಿಮ್ಮದೇ ಕೆಲಸದವಳು, ನಿಮ್ಮದೇ ಕಂಪನಿಯವಳು. ನೀವು ಇಮೇಲ್ ಸರ್ವರ್ ನೋಡಿಕೊಳ್ಳುತ್ತಿರುವ ಬೆಳವಟಗಿ ವಾಲ್ವ್ಸ್ ಇಂದಿಗೂ ಇದೆ. ನಮ್ಮ ಸೀಮೆಯಲ್ಲಿ ಅದರ ನೀರಿನ ವಾಲ್ವ್ ಇಲ್ಲದ ಊರೇ ಇಲ್ಲ.

ಇಲ್ಲಿ ನಾವು ಹಗಲು ಮಲಗಿ ಸಂಜೆಗೆ ಏಳುತ್ತೇವೆ. ಓಣಿಗಳಿಗೆ ನೀರು ಪಾಳಿಯ ಮೇಲೆ ಬರುತ್ತದೆ. ಪಾಳಿ ತಪ್ಪಿದ ಮನೆಯವರು ಪಕ್ಕದ ಮನೆಗೆ ಕೊಡ ಹಿಡಿದು ಹೋಗುತ್ತಾರೆ, ತುಂಬಿಕೊಟ್ಟವರಿಗೆ ಒಂದು ರೊಟ್ಟಿ ಕೊಟ್ಟು ಬರುತ್ತಾರೆ. ಸರ್ವರ್‌ಗಳನ್ನು ಬತ್ತಿದ ಬಾವಿಗಳ ತಳದಲ್ಲಿ ಇಡುತ್ತೇವೆ, ತಂಪು ಉಳಿದಿರುವುದು ಅಲ್ಲಿ ಮಾತ್ರ. ಅದಕ್ಕೇ ಅಂಚೆಬಾವಿ ಎಂಬ ಹೆಸರು. ಒಂದು ಬಾವಿ ಬಿಸಿಯೇರತೊಡಗಿದರೆ ಪತ್ರಗಳನ್ನೆಲ್ಲ ಇನ್ನೊಂದಕ್ಕೆ ಸಾಗಿಸುತ್ತೇವೆ. ನೀವು ಮೈಗ್ರೇಷನ್ ಎನ್ನುವುದನ್ನು ನಾವು ಗುಳೆ ಎನ್ನುತ್ತೇವೆ. ಗುಳೆಯವರಿಗೆ ಒಂದು ವ್ರತವಿದೆ: ಬಂದದ್ದು ಬಂದಂತೆ. ಪರದೆಯ ಮೇಲೆ ಬಿಳಿ ಬಟ್ಟೆ ಹೊದಿಸಿ, ಒಂದು ಕಾಗದವನ್ನೂ ಓದದೆ, ಹಿಂದಿನವರು ಮಾಡಿಟ್ಟ ಒಂದು ಏರ್ಪಾಡನ್ನೂ ಮುಟ್ಟದೆ, ಇದ್ದುದನ್ನು ಇದ್ದ ಹಾಗೆ ದಾಟಿಸಬೇಕು. ಪರರ ಕಾಗದ ಓದುವುದು ಎಂಜಲು ತಿಂದ ಹಾಗೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈ ವ್ರತದ ಬಗ್ಗೆ ನಮಗಿದ್ದ ಜಂಭವನ್ನು ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ಈ ಸಲ ಒಂದು ಫೋಲ್ಡರ್ ದಾಟಲೊಲ್ಲದು. ಹೊಸ ಬಾವಿಯ ಯಂತ್ರ ಅಷ್ಟು ದೊಡ್ಡದನ್ನು ಒಂದೇ ತುತ್ತಿಗೆ ನುಂಗಲಾರದು, ಒಡೆದು ಒಡೆದು ಕಳಿಸಬೇಕು. ಒಡೆಯಬೇಕಾದರೆ ನೋಡಲೇಬೇಕು. ಬಟ್ಟೆ ಸರಿಸಿದೆ. ಗ್ರಾಹಕರ ದೂರು ಬರುವ ವಿಳಾಸದ ಫೋಲ್ಡರ್ ಅದು, ಹೆಸರು ‘ಸೋಮವಾರ’. ಅದರಲ್ಲಿದ್ದ ಒಂದು ಕಾಗದವನ್ನೂ ಯಾರೂ ತೆರೆದಿರಲಿಲ್ಲ. ಏರ್ಪಾಡು ಮಾಡಿದವರ ಜಾಗದಲ್ಲಿ ನಿಮ್ಮ ಹೆಸರಿತ್ತು.

ನೀವು ಯಾಕೆ ಹಾಗೆ ಮಾಡಿದಿರಿ ಎಂಬುದು ನಮ್ಮ ಕೆಲಸದವರಿಗೆ ತಟ್ಟನೆ ಅರ್ಥವಾಗುತ್ತದೆ. ಶುಕ್ರವಾರ ಸಂಜೆ ಹಳೆಯ ಸರ್ವರ್‌ನಿಂದ ಹೊಸದಕ್ಕೆ ಬದಲಾಯಿಸುವಾಗ, ನಡುವೆ ಬರುವ ದೂರುಗಳು ಕಳೆದುಹೋಗದಿರಲೆಂದು ಒಂದು ಕಡೆ ಕೂಡಿಬೀಳುವಂತೆ ಮಾಡಿದಿರಿ. ಬರೆದವರು ಗಾಬರಿಯಾಗದಿರಲೆಂದು ತಾನಾಗಿ ಹೋಗುವ ಉತ್ತರವೊಂದನ್ನು ಇಟ್ಟಿರಿ: ‘ನಿಮ್ಮ ಪತ್ರ ತಲುಪಿದೆ. ಪರಿಶೀಲಿಸಿ ತಿಳಿಸುತ್ತೇವೆ.’ ಎರಡು ದಿನದ ಮಾತು, ಸೋಮವಾರ ತೆಗೆದರಾಯಿತು ಎಂದುಕೊಂಡಿರಿ. ಆದರೆ ಹಳೆಯ ದಾಖಲೆಗಳಲ್ಲಿ ನಾನು ಕಂಡಂತೆ, ನಾಳೆ ಬೆಳಿಗ್ಗೆ ಮಾಲೀಕರ ಫೋನಿಗೆ ಮೇಲ್ ಬರುವುದಿಲ್ಲ. ನೀವು ದಿನವಿಡೀ ಅವರ ಕುರ್ಚಿಯ ಪಕ್ಕದಲ್ಲೇ ನಿಲ್ಲುತ್ತೀರಿ, ಇದನ್ನು ಮರೆಯುತ್ತೀರಿ.

ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನೀವು ಮರೆತಿರಿ, ನಾವು ಮುಟ್ಟಲಿಲ್ಲ. ಆಮೇಲಿನ ಗುಳೆಯವರೆಲ್ಲ ಅದನ್ನು ದೇವರ ಬುಟ್ಟಿಯಂತೆ ತಲೆಯ ಮೇಲೆ ಹೊತ್ತು ಬಾವಿಯಿಂದ ಬಾವಿಗೆ ಸಾಗಿಸಿದರು. ದೂರು ನೋಡುವ ಟೇಬಲ್ಲಿಗೆ ದೂರೇ ಬರಲಿಲ್ಲ. ಮಾಲೀಕರು ಹಿಗ್ಗಿ ‘ದೂರೇ ಇಲ್ಲದ ವಾಲ್ವ್’ ಎಂದು ಬೋರ್ಡು ಬರೆಸಿದರು. ಅದನ್ನು ನಂಬಿ ಊರೂರಿನ ನೀರಿನ ಸಮಿತಿಗಳು ನಮ್ಮ ವಾಲ್ವನ್ನೇ ಕೊಂಡವು. ನಾನು ಉಣ್ಣುವ ಅನ್ನ ಆ ಬೋರ್ಡಿನದು. ನಾಚಿಕೆಯಾಗುತ್ತದೆ, ಸ್ವಾಮಿ.

ಎಲ್ಲಕ್ಕಿಂತ ಮೇಲಿದ್ದ ಕಾಗದ ಇದೇ ವಾರದ್ದು. ಕರಡಿಹಾಳ ಎಂಬ ಊರಿನ ಕೆಳಗಿನ ಓಣಿಯ ದ್ಯಾಮವ್ವ ಗಾಣಿಗೇರ ಬರೆದದ್ದು. ಆ ಓಣಿಯ ವಾಲ್ವ್ ಅರ್ಧಕ್ಕೆ ಸಿಕ್ಕಿಬಿದ್ದು ವರ್ಷಗಳೇ ಆಗಿವೆ. ಪಾಳಿಯ ನೀರು ಮೇಲಿನ ಓಣಿಯಲ್ಲೇ ಮುಗಿಯುತ್ತದೆ. ಫೋಲ್ಡರ್‌ನ ತಳದವರೆಗೂ ಹುಡುಕಿದೆ, ಆಕೆಯ ಕಾಗದಗಳು ಸಿಗುತ್ತಲೇ ಹೋದವು. ಬೈಗುಳ ಇರಬಹುದು ಎಂದುಕೊಂಡಿದ್ದೆ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ‘ತಿರುಗಿ ಉತ್ತರಾ ಕೊಟ್ರಿ, ಭಾಳ ಉಪಕಾರ ಆತ್ರಿ. ಇಲ್ಲಿ ಸಮಿತ್ಯಾವ್ರು ನಮ್ಮ ಮಾರೀನೂ ನೋಡಂಗಿಲ್ಲ, ನೀವರ ಕೇಳ್ತೀರಿ. ಓಣ್ಯಾಗ ಎಲ್ಲಾರೂ ಊರು ಬಿಡೂಣು ಅಂತಾರ. ತಡೀರಿ, ಅವ್ರು ನೋಡ್ತೇವಿ ಅಂದಾರ, ಬಂದ ಬರ್ತಾರ ಅಂತ ನಾನು ಹಿಡಕೊಂಡು ಕುಂತೇನಿ.’ ನಮ್ಮ ಎರಡು ಸಾಲನ್ನು ನಂಬಿ ಆಕೆ ಒಂದು ಓಣಿಯ ಜನರನ್ನೇ ನೀರಿಲ್ಲದ ಕಡೆ ನಿಲ್ಲಿಸಿಕೊಂಡಿದ್ದಾಳೆ.

ನಮ್ಮ ಮೇಲಿನವರಾದ ಚನ್ನವೀರಪ್ಪನವರಿಗೆ ತೋರಿಸಿದೆ. ಅವರು ಓದಿ ಕಣ್ಣೊರೆಸಿಕೊಂಡರು. ಆಮೇಲೆ, ‘ತಂಗೀ, ಬಟ್ಟಿ ಮುಚ್ಚು. ಒಂದಕ್ಕ ಉತ್ತರಾ ಕೊಟ್ರ ಎಲ್ಲಾಕ್ಕೂ ಕೊಡಬೇಕಾಕ್ಕೈತಿ’ ಎಂದರು. ನಾನು ಮುಚ್ಚಿದೆ. ಹೌದು, ಮುಚ್ಚಿದೆ, ಊಟಕ್ಕೂ ಕೂತೆ. ರೊಟ್ಟಿ ಮುರಿದೆ, ಮುರಿದದ್ದನ್ನು ತಟ್ಟೆಯಲ್ಲೇ ಬಿಟ್ಟೆ. ಎದ್ದು ಹೋಗಿ ಆ ತಾನಾಗಿ ಹೋಗುವ ಉತ್ತರವನ್ನು ಕಿತ್ತುಹಾಕಿದೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಅದರ ಜಾಗಕ್ಕೆ ಬರೆದ ಒಂದೊಂದು ಸಾಲನ್ನೂ ಅಳಿಸಿದೆ. ತಲೆಮಾರುಗಳಿಂದ ಕಾಗದ ಹೊತ್ತ ಮನೆತನದವಳಿಗೆ ಒಬ್ಬ ಹೆಣ್ಣುಮಗಳಿಗೆ ನಾಲ್ಕು ಸಾಲು ಬರೆಯಲು ಬಾರದು.

ನಿಮ್ಮಲ್ಲಿ ಒಂದೇ ವಿನಂತಿ. ನಾಳೆ ಮಾಲೀಕರ ಫೋನು ಸ್ವಲ್ಪ ಕಾಯಲಿ. ಮೊದಲು ಆ ಉತ್ತರವನ್ನು ತೆಗೆದು, ಕೂಡಿಬಿದ್ದ ದೂರುಗಳನ್ನು ಓದುವವರ ಕೈಗೆ ಕೊಡಿ. ಹಾಗೆ ಮಾಡಿದರೆ ಕಂಪನಿ ಇಷ್ಟು ಬೆಳೆಯದಿರಬಹುದು, ಈ ಬಾವಿಯೂ ನನ್ನ ನೌಕರಿಯೂ ಇಲ್ಲದಿರಬಹುದು. ಇರಲಿ.

ಆ ಉತ್ತರ ಕಿತ್ತ ಮೇಲೆ ದ್ಯಾಮವ್ವನ ಒಂದು ಕಾಗದ ಬಂದು ಉತ್ತರವಿಲ್ಲದೆ ಉಳಿದಿತ್ತು, ಇಂದು ಸಂಜೆ ಇನ್ನೊಂದು ಬಂತು. ‘ಈ ಸಲ ನಿಮ್ಮ ಉತ್ತರಾ ಬರಲಿಲ್ರಿ. ಹಿಂಗ ಎಂದೂ ತಪ್ಪಿಸಿದವ್ರಲ್ಲ. ಆರಾಮ ಅದೀರಿಲ್ಲೋ? ಮೈಯಾಗ ಹುಷಾರಿಲ್ಲಂದ್ರ ನೀರಿಂದು ಆಮ್ಯಾಲ ನೋಡೂಣಂತ, ಮೊದಲ ನೀವು ಆರಾಮಾಗ್ರಿ.’

ವಾಲ್ವ್ ಬಿಚ್ಚಿ ಕೂಡಿಸಬಲ್ಲ ಫಿಟ್ಟರ್ ಒಬ್ಬರನ್ನು ಕರೆದುಕೊಂಡು ಈಗ ಕರಡಿಹಾಳಕ್ಕೆ ಹೊರಟಿದ್ದೇನೆ. ನೀರು ಬಂದೀತು. ಆದರೆ ಬಾಗಿಲು ತೆರೆದ ಕೂಡಲೇ ಆಕೆ, ಇಷ್ಟು ವರ್ಷ ತನಗೆ ಉತ್ತರ ಬರೆದವರು ಹೇಗಿದ್ದಾರೆ ಎಂದು ಕೇಳುತ್ತಾಳೆ. ಅಲ್ಲಿ ಯಾರೂ ಇರಲಿಲ್ಲವೆಂದು ನಾನು ಆಕೆಯ ಮುಖ ನೋಡಿ ಹೇಳಬೇಕು.

ಶಿವಗಂಗಾ ಸುಣಗಾರ